ಸೋಮವಾರದ ಅಂಗಿ

ಸೋಮವಾರ ಬಂತಂದ್ರೆ ಹನ್ನೆರಡು ಬಿಳಿ ಅಂಗಿ.
ಆರು ಸಣ್ಣವು, ರಾಜಮಂಡ್ರಿ ಹುಡುಗಂದು.
ಉಳಿದವು, ಯಪ್ಪಾ, ಒಂದೊಂದೂ ಪಂಚಾಯ್ತಿ ಜಮಖಾನೆ.
ಬಂಡಿ ಹಲಗೆ ತುಂಬಿ ತೋಳು ಕೆಳಗೆ ಜೋಲ್ತಾವೆ.
ಒಂದಂಗಿ ಎರಡಂಗಿ ಇದ್ದಿಲು ತಿಂತೈತೆ,
ರೊಕ್ಕ ಮಾತ್ರ ಒಂದರದೇ ಹೇಳಿಬಿಟ್ಟಿದ್ದೆ, ತಪ್ಪು ನಂದೇ.

ಕೌಲ್ ಬಜಾರ್ ಅಂದ್ರೆ ಜೀನ್ಸು.
ಮನೆಮನ್ಯಾಗ ಮಿಷನ್ನು, ಮೋರ್ಯಾಗ ನೀಲಿ ನೀರು,
ಹಂದಿ ಮೂತೀನೂ ನೀಲಿ.
ಅಂಥಾ ಓಣ್ಯಾಗ ಇವರಿಬ್ಬರು,
ಟೈ, ಬೂಟು, ಎದೆ ಮೇಲೆ ಕರಿ ಪಟ್ಟಿ,
ಏಪ್ರಿಲ್ ಬಿಸಿಲಾಗ,
ಮದುವೆಗೆ ಹೊಂಟು ದಾರಿ ತಪ್ಪಿದ ಬೀಗರ ಹಂಗೆ.

ಪಟ್ಟಿ ಮೇಲೆ ಏನೈತೋ ಅಂತ ಮೊಮ್ಮಗನ್ನ ಕೇಳಿದೆ.
"ಎಲ್ಡರ್ ವಾಕಪುನ" ಅಂತ ಓದಿದ.
ಎಲ್ಡರ್ ಅಂದ್ರೆ ಹಿರಿಯ ಅಂತೆ.
ಗದ್ದಕ್ಕೆ ಒಂಬತ್ತು ಕೂದಲು, ಇವನು ಹಿರಿಯ!
ನಾನು ವಾಕಪ್ಪ ಅಂದೆ. ಓಗೊಟ್ಟ.
ಅವ್ವ ಇಟ್ಟ ಹೆಸರು ಯಾವುದೋ ಅಂದ್ರೆ ನಕ್ಕ:
"ಎರಡು ವರ್ಷ ಮಡಚಿ ಇಟ್ಟೀನಿ, ಸುಂಕಲಮ್ಮಾ."

ಚಾ ಕೊಟ್ಟೆ, ಒಲ್ಲೆ ಅಂದ.
ಕಾಫಿ? ಅದೂ ಒಲ್ಲೆ.
ಬೀಡಿ ಇಲ್ಲ, ಸಿನಿಮಾ ಇಲ್ಲ,
ಒಬ್ಬನ್ನ ಬಿಟ್ಟು ಒಬ್ಬ ಹತ್ತು ಹೆಜ್ಜೆ ಹೋಗಂಗಿಲ್ಲ.
ನಮ್ಮೂರಾಗ ಚಾ ಒಲ್ಲೆ ಅಂದ್ರೆ ಜಗಳ ಅಂತ ಅರ್ಥ.
ಕಡೀಗೆ ನನ್ನಾರಿ ಶರಬತ್ತು ಕೊಟ್ಟೆ.
ಮೂರು ಗ್ಲಾಸು ಕುಡಿದ. ರಾಜಿ ಆಯ್ತು.

ಮುಂಜಾನೆ ಮಾಳಿಗೆ ಮೇಲೆ ಬಸ್ಕಿ ಹೊಡೀತಾರೆ,
ಆಮೇಲೆ ಪಾಠ ಒಪ್ಪಿಸೋ ದನಿ:
ನಾನು ಬಂದೆನು, ನೀವು ಬಂದಿರಿ.
ಳಕಾರ ಹೊರಳಲ್ಲ, ಊರು ಬಲ್ಲಾರಿ ಆಗೈತೆ.
ಕರೆದವರ ಮನೆಗಷ್ಟೇ ಹೋಗ್ತಾರೆ;
ಕರೆಯೋದು ಮೂರು ಮನೆ.
ಉಳಿದ ಹೊತ್ತು ನಡೀತಾರೆ, ಬೂಟಿನ ಹಿಮ್ಮಡ ನೋಡಿದ್ರೆ ಗೊತ್ತು.
ನನ್ನ ಬಂಡಿ ಗಾಲಿ ಮೋರಿಗೆ ಬಿದ್ದಾಗ
ಟೈ ಹೆಗಲಿಗೆ ಒಗೆದು ಒಬ್ಬನೇ ಎತ್ತಿದ, ಎಮ್ಮೆಕರ ಎತ್ತಿದಂಗೆ.
ಅಂಗಿ ತುಂಬ ನೀಲಿ. ಮೂರು ಸಲ ಒಗೆದೆ, ಪೂರಾ ಹೋಗಲಿಲ್ಲ.

ಒಂದಿನ ಫೋನಾಗ ಅವರವ್ವನ್ನ ತೋರಿಸಿದ.
ಅವಳ ಹಿಂದೆ ನೀರು. ನೀರಿನ ಹಿಂದೆ ನೀರು.
ಡ್ಯಾಮು ನೋಡೀನಿ ನಾನು, ಅದಕ್ಕೆ ಆಚೆ ದಡ ಐತೆ.
ಇದಕ್ಕೆ ಇರಲಿಲ್ಲ. ಒಂದು ದೋಣಿ ಇತ್ತು, ಮೂತಿ ಚೂಪು.
ಅವಳು ಮಗನ ಕಾಲರು ನೋಡಿ ತಲೆದೂಗಿದಳು.

ನಾನೇ ಕೇಳಿದ್ದು: ಏನಂತಾನೋ ನಿಮ್ಮ ದೇವರು?
ಪದ ತಡಕಾಡಿ ತಡಕಾಡಿ ಹೇಳಿದ,
"ಸತ್ತ ಮೇಲೂ ಮನೆಯವರು ಮನೆಯವರೇ.
ಗಂಡ, ಹೆಂಡತಿ. ಯಾವಾಗಲೂ."
ಅಂದ್ರೆ ಅಲ್ಲೂ ಗಾದಿಲಿಂಗನೇ?
ಬ್ಯಾಡಪ್ಪಾ, ಇಪ್ಪತ್ತೆರಡು ವರ್ಷಕ್ಕೇ ಸಾಕಾಗೈತೆ!
ರಾಜಮಂಡ್ರಿ ಹುಡುಗ ಬಂಡಿ ಹಿಡಕೊಂಡು ನಕ್ಕ.
ವಾಕಪ್ಪ ನಗಲಿಲ್ಲ. ತಲೆ ತಗ್ಗಿಸಿ
ಸಣ್ಣ ಪುಸ್ತಕದಾಗ ಏನೋ ಬರಕೊಂಡ.

ಮುಂದಿನ ಸೋಮವಾರ ಅಂಗಿ ಹಾಸಿ
ಎಡ ಎದೆ ಮೇಲೆ ಪೆಟ್ಟಿಗೆ ಇಟ್ಟೆ.
ಹನ್ನೊಂದು ದಿನ ಇದ್ದು ಹೋದ ಕೂಸು.
ಹೆಸರೂ ಇಟ್ಟಿರಲಿಲ್ಲ, ಏನಂತ ಕರೀಲಿ.
ಗಂಡ ಬ್ಯಾಡ. ಆದ್ರೆ ಅದು?
ಹನ್ನೊಂದು ದಿನಕ್ಕೆ ಮನೆಯವರು ಅಂತಾರಾ?
ವಾಸನೆ ಬಂತು.
ಎತ್ತಿ ನೋಡಿದ್ರೆ ಕಂದು ಗುರುತು,
ಫೋನಾಗಿನ ದೋಣಿ ಹಂಗೇ.

ರೊಕ್ಕ ಮುರಕೊಳ್ಳಪ್ಪಾ ಅಂದೆ.
ಅವನು ಕರಿ ಪಟ್ಟಿ ತೆಗೆದು
ಅದರ ಮೇಲೇ ಚುಚ್ಚಿಕೊಂಡ. ಅರ್ಧ ಮುಚ್ಚಿತು.
ಉಳಿದರ್ಧ ಮಳೆಗಾಲ ಪೂರಾ ಓಣ್ಯಾಗ ಓಡಾಡ್ತು.

ದೀಪಾವಳಿ ಮುಂಚೆ ಅವನ್ನ ಕೊಯಮತ್ತೂರಿಗೆ ಹಾಕಿದ್ರಂತೆ.
ಬಂದು ಹೇಳಿ ಹೋದ; ನಾನು ಮಾರ್ಕೆಟ್ಟಿಗೆ ಹೋಗಿದ್ದೆ,
ಮೊಮ್ಮಗನಿಗೆ ಹೇಳಿ ಹೋದ.

ಈಗ ಹೊಸಬ ಬಂದಾನೆ, ಯಾವ ಸೀಮೆಯವನೋ,
ಕೊಡು, ತಗೋ ಅನ್ನೋಕೂ ಬರಲ್ಲ.
ಅಂಗಿ ಸಾಲದೆ ಬಿಟ್ಟುಹೋದದ್ದು ತೊಟ್ಟಾನೆ,
ಡೇರೆಯೊಳಗಿನ ಗೂಟ.
ಪಟ್ಟಿ ಮೇಲೆ ಬೇರೆ ಅಕ್ಷರ, ಅಷ್ಟು ನನಗೂ ಕಾಣ್ತೈತೆ.
ಪಟ್ಟಿ ಪಕ್ಕಕ್ಕೆ ನನ್ನ ದೋಣಿ.

ಚಾ ಬೇಕಾ ಅಂತ ಕೇಳಲಿಲ್ಲ.
ಶರಬತ್ತಿಗೆ ನಿಂಬೆಹಣ್ಣು ಹಿಂಡಿದೆ.